ತುಂಗಕ್ಕನ ಕುದುರೆ, ನನ್ನ ಬಟ್ಟಲು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಜಾತಕವನ್ನಲ್ಲ. "ನಿಮ್ಮನೆಯವರು ನೋಡೋದು ಏನನ್ನ?" ಎಂದು ಕೇಳುತ್ತಾರೆ. ಬರ್ಮಾದ ಬುದ್ಧನನ್ನು ನೋಡುವವರು ಎಂದರೆ ಕುಳಿತವರು ಸ್ವಲ್ಪ ನೆಟ್ಟಗಾಗುತ್ತಾರೆ. ಜಪಾನಿನ ಕೊಕ್ಕರೆ ಪರದೆಯವರು ಎಂದರೆ ಕೇಸರಿಬಾತು ಇನ್ನೊಂದಿಷ್ಟು ಹಾಕಿಸಿಕೊಳ್ಳುತ್ತಾರೆ. ಮುರುಕು ಬೀಗ, ಹೆಂಚಿನ ಚೂರು ಎಂದಿರೋ, ಕಾಫಿ ಕುಡಿದು ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದುಬಿಡುತ್ತಾರೆ.

ನೋಡುವುದು ಎಂದರೆ ಪೂರ್ವದೇಶ ಕಲಾಭವನದಲ್ಲಿ ನೋಡುವುದು. ಕಲಾಭವನ ಎನ್ನುವುದು ಬೋರ್ಡು ಓದುವ ಹೊರಗಿನವರಿಗೆ. ನಮಗೆ ಅದು ನೋಟದ ಮನೆ. ತರಕಾರಿ ಮಾರ್ಕೆಟ್ಟಿನ ಬೆನ್ನಿಗಿರುವ ಹಳದಿ ಬಣ್ಣದ ಉದ್ದನೆಯ ಕಟ್ಟಡ. ಚೀನಾ, ಕೊರಿಯಾ, ಸಯಾಂ, ಜಾವಾ, ಪರ್ಷಿಯಾ ಎಲ್ಲ ದೇಶದ ವಸ್ತುಗಳೂ ಅಲ್ಲಿವೆ. ಯಾರು ತಂದರು, ಯಾವಾಗ ತಂದರು ಎಂದು ನಾನು ಕೇಳುವ ಗೋಜಿಗೆ ಹೋಗಿಲ್ಲ. ನಮಗೆ ಗೊತ್ತಿರುವುದು ಇಷ್ಟು: ಅಲ್ಲಿಯ ವಸ್ತುವನ್ನು ಯಾರಾದರೂ ನೋಡುತ್ತಿರಬೇಕು. ನೋಡುವವರಿಲ್ಲದಿದ್ದರೆ ಅದು ತೆಳ್ಳಗಾಗುತ್ತದೆ, ಅದರ ಹಿಂದಿನ ಗೋಡೆ ಕಾಣತೊಡಗುತ್ತದೆ, ಕೊನೆಗೊಂದು ದಿನ ಪೀಠವಷ್ಟೇ ಉಳಿಯುತ್ತದೆ. ಅದಕ್ಕೇ ಮನೆಗೆ ಒಂದೋ ಎರಡೋ ವಸ್ತುವಿನಂತೆ ವಹಿಸಿದ್ದಾರೆ. ಹೊರಗಿನಿಂದ ಬಂದು ಫೋಟೋ ಹೊಡೆದುಕೊಂಡು ಹೋಗುವವರ ನೋಟ ಲೆಕ್ಕಕ್ಕೆ ಬರುವುದಿಲ್ಲ.

ಪುಟ್ಟಸ್ವಾಮಯ್ಯನವರ ಮನೆಯವರೆಲ್ಲ ಒಮ್ಮೆ ಕಾಶಿಗೆ ಹೋದವರು ಬರುವ ದಾರಿಯಲ್ಲಿ ಮಗಳ ಬಾಣಂತನವೆಂದು ಅವಳ ಊರಿನಲ್ಲೇ ಉಳಿದುಬಿಟ್ಟರು. ವಾಪಸು ಬರುವಷ್ಟರಲ್ಲಿ ಅವರ ಪಾಲಿನ ಜಾವಾದ ತೊಗಲುಗೊಂಬೆಯಲ್ಲಿ ಹಿಡಿಕೆಯ ಕಡ್ಡಿ ಮಾತ್ರ ಇತ್ತು, ಮರುದಿನ ಅದೂ ಇಲ್ಲ. ಅವರ ಮೊಮ್ಮಕ್ಕಳಿಗೆ ಮೊಮ್ಮಕ್ಕಳಾದರೂ ಊರಿನಲ್ಲಿ ಇವತ್ತಿಗೂ ಅವರು ಖಾಲಿ ಪೀಠದವರೇ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಹೆಸರು ಅಂಬುಜಾಕ್ಷಿ. ಮನೆಗೆ ಹೊಸ ಸೊಸೆ ಬಂದರೆ, ಅಕ್ಕಿಯ ಸೇರು ಒದ್ದು ಒಳಗೆ ಬಂದ ಮರುದಿನವೇ, ಧಾರೆ ಸೀರೆಯಲ್ಲೇ ಅವಳನ್ನು ನೋಟದ ಮನೆಗೆ ಕರೆದುಕೊಂಡು ಹೋಗುತ್ತಾರೆ. ನಮ್ಮ ಅತ್ತೆಯವರ ಮನೆಗೆ ಎರಡು ವಸ್ತು ಬಂದಿತ್ತು. ಕೋಣೆಯ ನಡುವೆ ಎದೆಯೆತ್ತರಕ್ಕೆ ನಿಂತ ಚೀನಾ ದೇಶದ ಮಣ್ಣಿನ ಕುದುರೆ. ಅದರ ಪಕ್ಕದಲ್ಲಿ ಎತ್ತರದ ಕಲ್ಲಿನ ಕಂಬದ ಮೇಲೆ ಕೊರಿಯಾ ದೇಶದ ಒಂದು ಬಟ್ಟಲು. ಕುದುರೆ ನನ್ನ ಓರಗಿತ್ತಿ ತುಂಗಕ್ಕನಿಗೆ ಆಗಲೇ ಸಂದಿತ್ತು, ಹಿರಿಯ ಸೊಸೆಯಲ್ಲವೇ. ಅತ್ತೆ ನನ್ನನ್ನು ಬಟ್ಟಲಿನ ಮುಂದೆ ನಿಲ್ಲಿಸಿ, "ಇದು ನಿಂದು ಕಣಮ್ಮ, ಚೆನ್ನಾಗಿ ನೋಡ್ಕೋ" ಅಂದರು.

ನಾನು ನೋಡಿದೆ. ಬೂದು ಬಣ್ಣ, ಸರಿಯಾಗಿ ದುಂಡಗೂ ಇಲ್ಲ. ನಮ್ಮ ತವರಿನಲ್ಲಿ ದನಕ್ಕೆ ಬೂಸಾ ಕಲಸುವ ಪಾತ್ರೆ ಇದಕ್ಕಿಂತ ಲಕ್ಷಣವಾಗಿತ್ತು. ಪಕ್ಕದಲ್ಲಿ ಆ ಕುದುರೆ ಜೇನಿನ ಬಣ್ಣದ ಮೈ, ಹಸಿರು ಜೀನು ಹೊತ್ತುಕೊಂಡು, ಯಾರೋ ಕರೆದದ್ದಕ್ಕೆ ಓಗೊಡುವಂತೆ ಬಾಯಿ ತೆರೆದು ನಿಂತಿತ್ತು. ನನಗೆ ಅಳು ಬಂತು. ಹೊಸ ಸೊಸೆ ತವರು ನೆನೆದು ಅಳುತ್ತಿದ್ದಾಳೆಂದು ಎಲ್ಲರೂ ಸಮಾಧಾನ ಮಾಡಿದರು.

ಊರಿನಲ್ಲಿ ನಮ್ಮನ್ನು ಕುದುರೆ ಮನೆಯವರು ಎನ್ನುತ್ತಾರೆ. ಬಟ್ಟಲಿನ ಮನೆಯವರು ಎಂದು ಒಬ್ಬರೂ ಅಂದದ್ದಿಲ್ಲ.

ಬುಧವಾರ ನಮ್ಮ ಕೋಣೆಯ ಸರದಿ. ಮಧ್ಯಾಹ್ನದ ಊಟ ಮುಗಿಸಿ, ತಲೆ ಬಾಚಿ, ನಾವಿಬ್ಬರೂ ಹೋಗುತ್ತಿದ್ದೆವು. ತುಂಗಕ್ಕ ಗಿಡ್ಡ, ನಾನು ಉದ್ದ. ನಾವು ಹಾಗೆ ಹೋಗುವುದನ್ನು ನೋಡಿ ಮಾರ್ಕೆಟ್ಟಿನ ಹೆಂಗಸರು, "ಕೊಡೆ ಬಂತು, ಕೋಲು ಬಂತು" ಎಂದು ನಗುತ್ತಿದ್ದರು. ಒಳಗೆ ಅವರು ಕುದುರೆಯ ಮುಂದೆ, ನಾನು ಬಟ್ಟಲಿನ ಮುಂದೆ, ಒಂದು ಕಾಫಿ ಆರುವಷ್ಟು ಹೊತ್ತು ನಿಲ್ಲುತ್ತಿದ್ದೆವು. ಅಲ್ಲಿ ಮಾತಾಡುವ ಹಾಗಿಲ್ಲ. ಬೇರೆಯವರ ವಸ್ತುವನ್ನು ದಿಟ್ಟಿಸುವ ಹಾಗಂತೂ ಇಲ್ಲವೇ ಇಲ್ಲ. ಅದು ಪಂಕ್ತಿಯಲ್ಲಿ ಕೂತು ಪಕ್ಕದವರ ಎಲೆಗೆ ಇಣುಕಿದ ಹಾಗೆ. ನಾನು ಇಣುಕುತ್ತಿದ್ದೆ. ಮುಖ ಬಟ್ಟಲಿನ ಕಡೆ, ಕಣ್ಣು ಕುದುರೆಯ ಕಡೆ. ಪ್ರತಿ ಬುಧವಾರ, ತಪ್ಪದೆ. ಇದರಿಂದ ಯಾರಿಗೇನು ನಷ್ಟ ಎಂದುಕೊಂಡಿದ್ದೆ. ಬಟ್ಟಲು ತನ್ನ ಪಾಡಿಗೆ ಗುಂಡುಕಲ್ಲಿನಂತೆ ಕೂತೇ ಇತ್ತಲ್ಲ. ಅದು ನನ್ನ ನೋಟದ ಬಲ ಎಂದು ಒಂದು ಜಂಬವೂ ಇತ್ತು. ಓರೆಗಣ್ಣಿನಲ್ಲಿ ನೋಡಿದರೂ ಸಾಕು, ನನ್ನ ಕಣ್ಣು ಅಂಥದ್ದು ಎಂದು.

ವರ್ಷಗಳು ಹಾಗೇ ಹೋದವು. ಅತ್ತೆ ಹೋದರು, ಭಾವನವರು ಹೋದರು. ನಮ್ಮ ಯಜಮಾನರು ರಿಟೈರಾಗಿ ಮನೆಯಲ್ಲಿ ಕೂತು ರೇಡಿಯೋ ಬಿಚ್ಚಿ ಜೋಡಿಸುವ ಕೆಲಸಕ್ಕೆ ಹತ್ತಿದರು. ತುಂಗಕ್ಕ, ನಾನು ಅಡುಗೆಮನೆಯಲ್ಲಿ ದಿನಕ್ಕೊಮ್ಮೆ ಜಗಳವಾಡುತ್ತ, ಬುಧವಾರ ಮಾತ್ರ ಜಗಳಕ್ಕೆ ರಜೆ ಕೊಟ್ಟು ಕೈ ಹಿಡಿದುಕೊಂಡು ನೋಟದ ಮನೆಗೆ ಹೋಗುತ್ತ ಮುದುಕಿಯರಾದೆವು.

ಆಮೇಲೆ ತುಂಗಕ್ಕನ ಕಣ್ಣು ಹೋಗತೊಡಗಿತು. ಪೊರೆಯಾಗಿದ್ದರೆ ತೆಗೆಸಬಹುದಿತ್ತು, ಇದು ಹಿಂದಿನ ನರದ್ದು, ಏನೂ ಮಾಡುವ ಹಾಗಿಲ್ಲ ಎಂದರು ಡಾಕ್ಟರು. ಮೊದಲು ಸೂಜಿಯ ಕಣ್ಣು ಹೋಯಿತು, ಆಮೇಲೆ ಅಕ್ಕಿಯಲ್ಲಿನ ಕಲ್ಲು, ಆಮೇಲೆ ಎದುರು ನಿಂತವರ ಮುಖ. ಮಳೆಗಾಲ ಕಳೆಯುವಷ್ಟರಲ್ಲಿ ಬೆಳಕು ಕತ್ತಲೆ ಬಿಟ್ಟರೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಅವರು ಅಳಲಿಲ್ಲ. ಅಳದೇ ಇದ್ದದ್ದನ್ನು ನೋಡುವುದು ನನಗೆ ಕಷ್ಟವಾಯಿತು. ಮೆಟ್ಟಿಲು ಹತ್ತಲು ಕಷ್ಟವೆಂದು ಬುಧವಾರ ಬರುವುದನ್ನೂ ಬಿಟ್ಟರು. ನಾನೊಬ್ಬಳೇ ಹೋಗಿ ಬಂದೆ.

ಊರಿಗೆ ಚಿಂತೆ ಹತ್ತಿದ್ದು ಕುದುರೆಯದು. ಹಾಲಿನವನೂ ಕೇಳುತ್ತಿದ್ದ, "ಕುದುರೆ ಹೆಂಗಿದೆ ಅಮ್ಮಾವ್ರೆ?" ಎಂದು. ತುಂಗಕ್ಕ ಹೇಗಿದ್ದಾರೆಂದು ಅವನು ಕೇಳಲಿಲ್ಲ. ಒಂದು ದಿನ ನೋಟದ ಮನೆಯ ಬಾಷಾ ಸಾಹೇಬರೇ ನಮ್ಮ ಜಗಲಿಗೆ ಬಂದರು. ನೋಟದ ಮನೆಯ ಬೀಗದ ಕೈ ಮೂರು ತಲೆಮಾರಿನಿಂದ ಅವರ ಮನೆಯಲ್ಲಿದೆ.

"ತುಂಗಮ್ಮೋರೆ, ಸಮಿತಿಯೋರು ಕೇಳ್ತಾವ್ರೆ. ಕುದುರೇನ ಬೇರೆಯೋರ ಹೆಸರಿಗೆ ಮಾಡೋಣ್ವಾ ಅಂತ. ನಿಮ್ಗೆ ಬೇಜಾರಾಗ್ಬಾರ್ದು."

"ಮಾಡಿ ಸಾಹೇಬ್ರೆ. ಅಂಬುಜನ ಹೆಸರಿಗೇ ಮಾಡ್ಬಿಡಿ. ಅವ್ಳು ನೋಡ್ತಾಳೆ," ಅಂದರು ತುಂಗಕ್ಕ.

ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಹಿಗ್ಗಾಯಿತು. ಮುಖದಲ್ಲಿ ಮಾತ್ರ ಬೇಡವೆನ್ನುವ ಹಾಗೆ ನಿಂತೆ. ತುಂಗಕ್ಕನಿಗೆ ನನ್ನ ಮುಖ ಕಾಣುವುದಿಲ್ಲವೆಂದು ಆಮೇಲೆ ನೆನಪಾಯಿತು. ಬಾಷಾ ಸಾಹೇಬರಿಗೆ ಕಂಡಿತ್ತು, ಅವರು ಗಡ್ಡ ನೀವಿಕೊಂಡು, "ಬುಧವಾರ ಇಬ್ರೂ ಬನ್ನಿ. ಒಂದ್ಸಲ ಪೇಪರ್ ಹಿಡಿದು ನೋಡೋಣ," ಅಂದರು.

ಪೇಪರ್ ಹಿಡಿಯುವುದು ಅವರ ಪರೀಕ್ಷೆ. ವಸ್ತುವಿನ ಹಿಂದೆ ಹಳೆಯ ದಿನಪತ್ರಿಕೆಯೊಂದನ್ನು ಹಿಡಿಯುತ್ತಾರೆ. ಏನೂ ಕಾಣದಿದ್ದರೆ ವಸ್ತು ಗಟ್ಟಿಯಿದೆ. ವಸ್ತುವಿನೊಳಗಿಂದ ತಲೆಬರಹದ ದಪ್ಪಕ್ಷರ ಕಂಡರೆ ಎಚ್ಚರಿಕೆ. ಸಣ್ಣಕ್ಷರವನ್ನೂ ಓದಲು ಬಂದರೆ ಮುಗಿಯಿತು, ಮತ್ತೆ ತರುವುದು ಕಷ್ಟ.

ಆ ಬುಧವಾರ ತುಂಗಕ್ಕನ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಕುದುರೆಯನ್ನು ಬೀಳ್ಕೊಡಲು ಬಂದವರ ಹಾಗೆ ಅಕ್ಕಪಕ್ಕದ ಕೋಣೆಯವರೂ ಬಾಗಿಲಲ್ಲಿ ಸೇರಿದ್ದರು. ಬಾಷಾ ಸಾಹೇಬರು ಕುದುರೆಯ ಹಿಂದೆ ಪತ್ರಿಕೆ ಹಿಡಿದರು. ಏನೂ ಕಾಣಲಿಲ್ಲ. ಹೊಟ್ಟೆಯ ಹತ್ತಿರ ಹಿಡಿದರು, ಕಿವಿಯ ಹತ್ತಿರ ಹಿಡಿದರು. ಕುದುರೆ ನಿನ್ನೆಯಷ್ಟೇ ಕುಂಬಾರನ ಗೂಡಿನಿಂದ ತೆಗೆದಂತೆ ಗಟ್ಟಿಯಾಗಿತ್ತು. ಬಾಗಿಲಲ್ಲಿದ್ದವರು "ತುಂಗಮ್ಮನ ನೋಟ ಅಂದ್ರೆ ನೋಟ" ಎಂದು ಕೈ ಮುಗಿದರು. ಸಾಹೇಬರಿಗೆ ಅರ್ಥವಾಗಲಿಲ್ಲ. ಇಷ್ಟು ತಿಂಗಳು ನೋಡುವವರಿಲ್ಲದೆ ಇದು ಹೇಗೆ ಉಳಿಯಿತೆಂದು ಕುದುರೆಗೆ ಎರಡು ಸುತ್ತು ಬಂದು, ಸುಮ್ಮನೆ ಎನ್ನುವಂತೆ ಪತ್ರಿಕೆಯನ್ನು ಬಟ್ಟಲಿನ ಹಿಂದೆ ಹಿಡಿದರು.

"ಅಣೆಕಟ್ಟು ಭರ್ತಿ" ಎಂದು ಓದಿತು ಬಾಗಿಲಲ್ಲಿದ್ದ ಒಂದು ಹುಡುಗಿ, ಗಟ್ಟಿಯಾಗಿ.

ಬಟ್ಟಲು ಹೊಗೆಯ ಹಾಗೆ ನಿಂತಿತ್ತು. ಪ್ರತಿವಾರ ಅದರ ಎದುರೇ ನಿಂತಿದ್ದ ನಾನು ಅದನ್ನು ಗಮನಿಸಿರಲೇ ಇಲ್ಲ.

"ನಾನು ಒಂದು ವಾರ ತಪ್ಪಿಸಿಲ್ಲ! ಬೇಕಾದ್ರೆ ಸಾಹೇಬ್ರನ್ನೇ ಕೇಳಿ," ಎಂದು ಕೂಗಾಡಿದೆ.

"ಬಂದಿದ್ದು ನಿಜ," ಅಂದರು ಬಾಷಾ ಸಾಹೇಬರು.

ಆದರೆ ನನಗೆ ಆ ಹೊತ್ತಿನಲ್ಲಿ ಕಂಡದ್ದು ತುಂಗಕ್ಕನ ಮುಖ. ಕಣ್ಣು ಹೋದಾಗ ಅಳದಿದ್ದ ಹೆಂಗಸು ಸೆರಗು ಬಾಯಿಗೊತ್ತಿ ಅಳುತ್ತಿದ್ದರು. "ಬಟ್ಟಲಾ? ಬಟ್ಟಲು ಹೋಗ್ತಿದ್ಯಾ?" ಎಂದು ಮತ್ತೆ ಮತ್ತೆ ಕೇಳಿದರು. ಮನೆಯ ಮಾನ ಹೋಗುತ್ತದೆಂಬ ಭಯವಿರಬೇಕು ಎಂದುಕೊಂಡು, ನಾನು ನೋಡಿಕೊಳ್ಳುತ್ತೇನೆಂದು ಭುಜ ತಟ್ಟಿ ಮನೆಗೆ ಕರೆತಂದೆ.

ಮರುದಿನದಿಂದ ದಿನಾ ಹೋದೆ. ಬಟ್ಟಲಿನ ಮುಂದೆ ನಿಂತು ಕಣ್ಣು ಕಿಸಿದು ನೋಡಿದೆ. ರೆಪ್ಪೆ ಬಡಿಯದೆ ನೋಡಿ ಕಣ್ಣಲ್ಲಿ ನೀರು ಸುರಿಸಿಕೊಂಡೆ. ಆದರೆ ನೋಡುವುದೇನನ್ನು? ಬೂದು ಬಣ್ಣವನ್ನು ಎಷ್ಟು ಹೊತ್ತು ನೋಡುವುದು? ಸ್ವಲ್ಪ ಹೊತ್ತಿಗೆ ಗ್ಯಾಸ್ ಬುಕ್ ಮಾಡಿದೆನೋ ಇಲ್ಲವೋ ಎಂದು ನೆನಪಾಗುತ್ತಿತ್ತು, ಇನ್ನು ಸ್ವಲ್ಪ ಹೊತ್ತಿಗೆ ಕಣ್ಣು ತಾನಾಗಿ ಕುದುರೆಗೆ ಜಾರುತ್ತಿತ್ತು. ಬಟ್ಟಲು ಇನ್ನಷ್ಟು ತೆಳುವಾಯಿತು. ಒಂದು ಸಂಜೆ ಸಾಹೇಬರು ಪತ್ರಿಕೆ ಹಿಡಿದಾಗ ತಲೆಬರಹದ ಕೆಳಗಿನ ಸಾಲುಗಳೂ ಇರುವೆಗಳ ಹಾಗೆ ಕಂಡವು. ಓದಲು ಇನ್ನೂ ಬರುತ್ತಿರಲಿಲ್ಲ, ಅಷ್ಟೇ. ಅವರು ಪತ್ರಿಕೆ ಮಡಿಸಿ ಕಂಕುಳಲ್ಲಿಟ್ಟುಕೊಂಡು, "ಏನಾದ್ರೂ ಮಾಡಿ ಅಮ್ಮ," ಅಂದರು.

ಮನೆಗೆ ಬಂದು ಅಡುಗೆಮನೆಯಲ್ಲಿ ಕುಸಿದು ಕೂತೆ. ತುಂಗಕ್ಕ ಕೈಯಾಡಿಸುತ್ತ ಹುರುಳಿಕಾಯಿ ಸೋಸುತ್ತಿದ್ದರು.

"ಹೇಗಿತ್ತು?" ಅಂದರು.

"ಹೋಯ್ತು ಅಂತ್ಲೇ ತಿಳ್ಕೊಳ್ಳಿ ಅಕ್ಕ."

ಅವರು ಹುರುಳಿಕಾಯಿ ಪಕ್ಕಕ್ಕಿಟ್ಟರು. "ಆ ಹನಿ ಕಾಣುತ್ತೋ ಇಲ್ವೋ?"

"ಯಾವ ಹನಿ?"

"ಎಡಗಡೆ ಹೊಟ್ಟೆ ಮೇಲೆ ಗಾಜಿನಂಥ ಬಣ್ಣ ಇಳಿದು ಬಂದು, ಅರ್ಧದಲ್ಲೇ ನಿಂತಿದ್ಯಲ್ಲ ಕಣೆ. ತುಪ್ಪ ಹೆಪ್ಪುಗಟ್ಟಿದ ಹಾಗೆ. ಅದು."

ನನಗೆ ಅಂಥದ್ದೊಂದು ಹನಿಯ ಸುದ್ದಿಯೇ ಗೊತ್ತಿರಲಿಲ್ಲ.

"ಬುಡದಲ್ಲಿ ಬೆರಳಿನ ಗುರುತು? ಮಾಡಿದೋನು ಬಣ್ಣದಲ್ಲಿ ಅದ್ದುವಾಗ ಹಿಡ್ಕೊಂಡಿದ್ನಲ್ಲ, ಅಷ್ಟು ಜಾಗಕ್ಕೆ ಬಣ್ಣ ಹತ್ತಿಲ್ಲ. ಅವನ ಕೈ ಚಿಕ್ಕದು. ನನ್ನ ಕೈಯಷ್ಟೇ. ಅಂಚು ಒಂದು ಕಡೆ ಬಗ್ಗಿದೆ ನೋಡು, ಅಲ್ಲಿ ತುಟಿಯಿಟ್ರೆ ಸರಿಯಾಗಿ ಕೂರುತ್ತೆ ಅನ್ಸುತ್ತೆ. ಅದೂ ಹೋಯ್ತಾ?"

ನಾನು ಅವರ ಮುಖ ನೋಡುತ್ತ ಕೂತೆ. ತಲೆಯೊಳಗೆ ಒಂದೊಂದೇ ದೀಪ ಹತ್ತಿತು. ಇಷ್ಟು ವರ್ಷ ಬಟ್ಟಲು ಗುಂಡುಕಲ್ಲಿನಂತೆ ಕೂತಿದ್ದದ್ದು ನನ್ನ ಕಣ್ಣಿನ ಬಲದಿಂದಲ್ಲ. ಈ ಗಿಡ್ಡ ಹೆಂಗಸು ಕುದುರೆಯ ಮುಂದೆ ನಿಂತು, ಕತ್ತು ವಾರೆ ಮಾಡಿ, ನನ್ನ ಬಟ್ಟಲನ್ನು ನೋಡುತ್ತಿದ್ದರು.

"ಅಕ್ಕ, ನೀವು ಕುದುರೆ ನೋಡ್ತಿರ್ಲಿಲ್ವಾ?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನಂತೆ ಅಂದರು: "ಅದು ದೊಡ್ಡದು ಕಣೆ. ಬಾಯಿ ಬೇರೆ ತೆಕ್ಕೊಂಡು ನಿಂತಿರುತ್ತೆ. ನಂಗೆ ಮೊದ್ಲಿಂದ ಅದನ್ನ ಕಂಡ್ರೆ ಒಂಥರಾ ಭಯ. ಅತ್ತೆ ಹಿರಿಯ ಸೊಸೆ ಅಂತ ಕೊಟ್ರು, ಬೇಡ ಅನ್ನಕ್ಕಾಗುತ್ತಾ? ನೀನು ಬಂದ್ಮೇಲೆ ಬಟ್ಟಲು ನಿಂಗೆ ಹೋಯ್ತು. ಕೊಡು ಅಂತ ಕೇಳೋದಕ್ಕೆ ನಾಚಿಕೆ."

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ಒಟ್ಟಿಗೆ ಮಾಡಿದೆ. ನಮ್ಮ ಯಜಮಾನರು ಹಜಾರದಿಂದ ಏನಾಯಿತೆಂದು ಕೂಗಿದರು. ಏನಿಲ್ಲ, ಹುರುಳಿಕಾಯಿ ಎಂದೆ.

"ಕುದುರೆಯ ಎಡಗಿವಿ ತುದಿ ಚೂರು ಮುಕ್ಕಾಗಿದೆ," ಅಂದೆ. "ಬಾಲಕ್ಕೆ ಗಂಟು ಹಾಕಿದಾರೆ. ಜೀನಿನ ಕೆಳಗಿನ ಬಟ್ಟೆ ನಿಜವಾದ ಬಟ್ಟೆ ಥರ ನೆರಿಗೆ ಬಿದ್ದಿದೆ. ಮುಂಗಾಲು ಒಂದು ಇಷ್ಟೇ ಇಷ್ಟು ಎತ್ತಿದೆ. ಅದು ಹೆದರಿಸೋಕೆ ಬಾಯಿ ತೆಗ್ದಿಲ್ಲ ಅಕ್ಕ. ಯಾರೋ ಕರೆದಿದಾರೆ, ಬಂದೆ ಅಂತಿದೆ."

ತುಂಗಕ್ಕ ಬೆರಗಾಗಿ ನನ್ನ ದನಿ ಬಂದ ಕಡೆ ತಿರುಗಿದರು. "ಹೌದೇನೆ? ಕಿವಿ ಮುಕ್ಕಾಗಿದ್ಯಾ? ನಂಗೆ ಗೊತ್ತೇ ಇರ್ಲಿಲ್ಲ!"

ಮರುದಿನ ಸರದಿಯಲ್ಲದಿದ್ದರೂ ಇಬ್ಬರೂ ಹೋದೆವು. ನೋಟದ ಮನೆಯಲ್ಲಿ ಮಾತಾಡಬಾರದೆಂಬ ನಿಯಮವಿದೆಯಲ್ಲ, ಬಾಷಾ ಸಾಹೇಬರು ಆ ಹೊತ್ತಿಗೆ ಸರಿಯಾಗಿ ಗಿಡಗಳಿಗೆ ನೀರು ಹಾಕಲು ಹೊರಗೆ ಹೋದರು. ತುಂಗಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತ ಹೋದರು, ನಾನು ಹುಡುಕುತ್ತ ಹೋದೆ. ಹನಿ ಮೊದಲು ಸಿಗಲಿಲ್ಲ; ಹೊಗೆಯಲ್ಲಿ ಹನಿಯನ್ನು ಹುಡುಕುವುದು ಹೇಗೆ? "ಅಂಚಿಂದ ಕೆಳಗೆ ಬಾ, ಬಗ್ಗಿರೋ ಕಡೆಯಿಂದ," ಎಂದರು. ಬಂದೆ. ಸಿಕ್ಕಿತು. ಹೆಪ್ಪುಗಟ್ಟಿದ ತುಪ್ಪವೇ ಸರಿ. ಒಮ್ಮೆ ಸಿಕ್ಕಿದ ಮೇಲೆ ಅದನ್ನು ಬಿಟ್ಟು ಕಣ್ಣು ಬೇರೆ ಕಡೆ ಹೋಗಲೊಲ್ಲದು. ಆಮೇಲೆ ಬೆರಳಿನ ಗುರುತು ಸಿಕ್ಕಿತು. ಯಾವುದೋ ದೇಶದ ಯಾವನೋ ಒಬ್ಬ ಅವಸರದಲ್ಲಿ ಬಟ್ಟಲನ್ನು ಅದ್ದಿ ಎತ್ತಿದ್ದು ಕಣ್ಣ ಮುಂದೆ ಬಂತು. ಪಾಪ, ಅವನಿಗೂ ಮನೆಯಲ್ಲಿ ಏನೇನು ಕೆಲಸವಿತ್ತೋ.

ಸಾಹೇಬರು ಬಂದು ಪತ್ರಿಕೆ ಹಿಡಿದರು. ಇರುವೆಗಳು ಹೋಗಿದ್ದವು. ತಲೆಬರಹ ಇನ್ನೂ ಇತ್ತು.

"ಒಳಗೇನಿದೆ ಅಕ್ಕ?" ಎಂದು ಮನೆಗೆ ಬರುವಾಗ ಕೇಳಿದೆ.

"ಒಳಗೆ ನಾನೆಲ್ಲಿ ನೋಡಿದೀನಿ? ಕಂಬ ನನ್ನ ತಲೆಗಿಂತ ಎತ್ತರ."

"ಒಂದು ಸ್ಟೂಲು ಕೇಳಿದ್ರೆ ಸಾಹೇಬ್ರು ಕೊಡ್ತಿರ್ಲಿಲ್ವಾ?"

"ನಿಂದನ್ನ ನಾನು ಸ್ಟೂಲ್ ಹಾಕ್ಕೊಂಡು ನೋಡಕ್ಕಾಗುತ್ತಾ? ಚೆನ್ನಾಗಿ ಹೇಳ್ದೆ." ಸ್ವಲ್ಪ ದೂರ ನಡೆದ ಮೇಲೆ ತಮಗೇ ಹೇಳಿಕೊಳ್ಳುವಂತೆ ಅಂದರು, "ಒಳಗೆ ಹೇಗಿರಬಹುದು ಅಂತ ದಿನಾ ಅನ್ಕೊಳ್ತಿದ್ದೆ. ಇನ್ನೇನು ಬಿಡು."

ಆ ವಾರ ಅವರು ಬಚ್ಚಲಿನ ಹೊಸ್ತಿಲಲ್ಲಿ ಕಾಲು ಉಳುಕಿಸಿಕೊಂಡರು. ಬುಧವಾರ ಬಂದಾಗ ನಾನು ಒಬ್ಬಳೇ ಹೋಗಬೇಕಾಯಿತು. ಹೋಗುವಾಗ ಕಾಲು ಹಿಂದೆ ಎಳೆಯುತ್ತಿತ್ತು. ಅವರು ಪಕ್ಕದಲ್ಲಿದ್ದು ಹೇಳಿದ್ದರಿಂದ ನಾನು ನೋಡಿದ್ದೆ. ಒಬ್ಬಳೇ ನಿಂತರೆ ಮತ್ತೆ ಗ್ಯಾಸು, ಮತ್ತೆ ಕುದುರೆ ಎಂದು ಭಯ. ಬಟ್ಟಲು ಹೋದರೆ ತುಂಗಕ್ಕನಿಗೆ ಅದು ಕಾಣದೆಯೇ ಹೋಗುತ್ತದೆ. ನಾನು ಬಂದು ಹೇಳಬೇಕು, ಹೋಯಿತು ಎಂದು. ಆ ಮಾತು ಹೇಳಲು ನನ್ನಿಂದ ಆಗುವುದಿಲ್ಲ.

ಕುದುರೆಗೆ ಬೆನ್ನು ಮಾಡಿ ನಿಂತೆ. ಅಂಚು, ಹನಿ, ಬೆರಳಿನ ಗುರುತು, ಎಲ್ಲವನ್ನೂ ಒಮ್ಮೆ ನೋಡಿಕೊಂಡೆ. ಆಮೇಲೆ ತುದಿಗಾಲ ಮೇಲೆ ನಿಂತು ಒಳಗೆ ಬಗ್ಗಿದೆ. ಉದ್ದವಿದ್ದದ್ದು ಅಷ್ಟು ವರ್ಷಗಳಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು. ಕಿಟಕಿಯ ಬೆಳಕು ಬಟ್ಟಲಿನೊಳಗೆ ಇಳಿದು ನಿಂತಿತ್ತು. ಹೊರಗೆ ಬೂದಾಗಿ ಕಾಣುವ ಬಣ್ಣ ಒಳಗೆ ಅಕ್ಕಿ ತೊಳೆದ ನೀರಿನ ಹಾಗಿತ್ತು. ತಳದಲ್ಲಿ ಏನೋ ಇತ್ತು. ಮೊದಲು ಕೊಳೆ ಎಂದುಕೊಂಡೆ. ಇನ್ನೂ ಬಗ್ಗಿ, ಉಸಿರು ಹಿಡಿದು ನೋಡಿದೆ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಸಾಹೇಬರು ಕೆಮ್ಮಿದಾಗಲೇ ಎಚ್ಚರವಾದದ್ದು. ಅವರ ಕೈಯಲ್ಲಿ ಪತ್ರಿಕೆ ಬಿಚ್ಚಿಕೊಂಡಿತ್ತು. ಬಟ್ಟಲಿನ ಹಿಂದೆ ಅವರು ಹಿಡಿದಿದ್ದ ಪುಟದಲ್ಲಿ ಏನು ಸುದ್ದಿಯಿತ್ತೋ, ನನಗೆ ಒಂದಕ್ಷರವೂ ಕಾಣಲಿಲ್ಲ.

ಮಾರ್ಕೆಟ್ಟಿನ ನಡುವೆ ಓಡುತ್ತ ಬಂದೆ. ನನ್ನ ವಯಸ್ಸಿಗೆ ಓಡುವುದೆಂದರೆ ಜನ ಬೆಂಕಿ ಬಿತ್ತೇನೋ ಎಂದು ದಾರಿ ಬಿಟ್ಟರು. ತುಂಗಕ್ಕ ಮಂಚದ ಮೇಲೆ ಕಾಲಿಗೆ ಅರಿಸಿನದ ಪಟ್ಟು ಹಾಕಿಕೊಂಡು ಕೂತಿದ್ದರು.

"ಅಕ್ಕ, ಒಳಗೆ ನೋಡ್ದೆ."

ಅವರು ಮಂಚದ ಮೇಲೆ ನೆಟ್ಟಗಾದರು.

"ತಳದಲ್ಲಿ ಸಣ್ಣ ಸಣ್ಣ ಗುರುತು ಇದೆ, ಉಂಗುರದ ಹಾಗೆ ಸುತ್ತಲೂ. ನಡುವೆ ಹಾಕಿದ್ದ ಮರಳು ಅಂಟಿ ಕಿತ್ತಿರೋದು ಅಂದ್ರು ಸಾಹೇಬ್ರು. ಸುಡುವಾಗ ಇದರೊಳಗೆ ಇನ್ನೊಂದು ಬಟ್ಟಲು ಕೂರ್ಸಿದ್ರು ಅಕ್ಕ. ನಾವು ಲೋಟದೊಳಗೆ ಲೋಟ ಇಡ್ತೀವಲ್ಲ, ಹಾಗೆ. ಆ ಬಟ್ಟಲು ಎತ್ಕೊಂಡ್ಹೋಗಿದಾರೆ. ಅದು ಕೂತಿದ್ದ ಜಾಗ ಹಾಗೇ ಇದೆ."

ತುಂಗಕ್ಕ ಎರಡೂ ಕೈಗಳನ್ನು ಬೊಗಸೆ ಮಾಡಿ, ನನ್ನ ದನಿಯ ಕಡೆಗೆ ಚಾಚಿದರು.

"ಎಲ್ಲೆಲ್ಲಿ, ತೋರ್ಸು," ಅಂದರು.

ನಾನು ಮಂಚದ ಅಂಚಿನಲ್ಲಿ ಕೂತು, ಅವರ ಬೊಗಸೆಯೊಳಗೆ ಬೆರಳಿಟ್ಟು ಒತ್ತಿದೆ. ಇಲ್ಲಿ ಅಂದೆ. ಇಲ್ಲಿ. ಇಲ್ಲಿ.